ಅಳಿಸಿ ಹೋಗದ ಹೆಸರು: ಪ್ರೋಟ್ರೇ ಚೀಟಿಗಾಗಿ ಲೇಸರ್ ಕಟರ್ ಕಲಿತ ಕಥೆ

ಸಸಿ ಚೆನ್ನಾಗಿದ್ವು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವು ಕೇಳಿದ ಸಸಿ ಅಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನುಗ್ಗೇಹಳ್ಳಿಯ ನಮ್ಮ ತೆಂಗಿನ ತೋಟದ ಮೂಲೆಯಲ್ಲಿ ಒಂದು ಸಣ್ಣ ನೆರಳು ಪರದೆ ಕಟ್ಟಿ ತರಕಾರಿ ಸಸಿ ಬೆಳೆಸೋಕೆ ಶುರು ಮಾಡಿದ್ದೆ. ಪಕ್ಕದ ತೋಟದ ಅಣ್ಣ ಬಂದು ಹಸಿ ಮೆಣಸಿನಕಾಯಿಗೆ ಅಂತ ಜ್ವಾಲಾ ಸಸಿ ಕೇಳಿದ್ರು. 20 ಟ್ರೇ ಕೊಟ್ಟೆ, ಅಂದ್ರೆ 1,960 ಸಸಿ. ಆರು ಗುಂಟೆ ಚಿಲ್ಲರೆಗೆ ನಾಟಿ ಆಯ್ತು. ಎರಡೂವರೆ ತಿಂಗಳಾದ ಮೇಲೆ ಮೊದಲ ಕೊಯ್ಲು ಮಂಡಿಗೆ ಹೋಯ್ತು. ವ್ಯಾಪಾರಿ ಒಂದು ಕಾಯಿ ಮುರಿದು ಬಾಯಿಗೆ ಹಾಕ್ಕೊಂಡು, "ಏನಣ್ಣಾ, ಇದೇನು ಸೌತೆಕಾಯಾ?" ಅಂದನಂತೆ.

ಅದು ಬ್ಯಾಡಗಿ. ಒಣಗಿಸಿ ಪುಡಿ ಮಾಡಿದ್ರೆ ಬಣ್ಣಕ್ಕೆ ಅದರ ಮುಂದೆ ಯಾವುದೂ ಇಲ್ಲ, ಆದ್ರೆ ಖಾರ ಕಡಿಮೆ. ಹಸಿ ಕಾಯಿ ಮಾರೋನಿಗೆ ಅದನ್ನಿಟ್ಟುಕೊಂಡು ಏನೂ ಮಾಡೋಕಾಗಲ್ಲ. ಎರಡರ ಸಸಿಯೂ ಒಂದೇ ಥರ ಕಾಣುತ್ತೆ. ಕಾಯಿ ಬಂದಾಗಲೂ ಎರಡೂ ಉದ್ದ, ಎರಡೂ ಸುಕ್ಕು. ತೋಟಗಾರಿಕೆಯಲ್ಲಿ ಬಿಎಸ್ಸಿ ಮಾಡಿದ ನನಗೇ ಟ್ರೇಯಲ್ಲಿ ನೋಡಿ ಹೇಳೋಕಾಗಲಿಲ್ಲ ಅಂದ್ಮೇಲೆ ಅಣ್ಣನನ್ನ ಏನು ಕೇಳೋದು.

ತಪ್ಪು ಆಗಿದ್ದು ಚೀಟಿಯಲ್ಲಿ. ಐಸ್‌ಕ್ರೀಮ್ ಕಡ್ಡಿಯಂಥ ಪ್ಲಾಸ್ಟಿಕ್ ಪಟ್ಟಿ ಮೇಲೆ 'ಪರ್ಮನೆಂಟ್' ಮಾರ್ಕರ್‌ನಲ್ಲಿ ತಳಿಯ ಹೆಸರು ಬರೀತಿದ್ದೆ. ಮೆಣಸಿನ ಸಸಿ ಟ್ರೇಯಲ್ಲಿ 35-40 ದಿನ ಇರಬೇಕು. ದಿನಾ ನೀರು, ಮೇಲೆ ಬಿಸಿಲು. ಇಪ್ಪತ್ತು ದಿನಕ್ಕೆ ಅಕ್ಷರ ಮಾಸಿತ್ತು. ನಾನು ನೆನಪಿನ ಮೇಲೆ ಮತ್ತೆ ಬರೆದೆ, ಅಲ್ಲಿ ಅದಲು ಬದಲಾಯ್ತು. ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿದ್ದು 1246ರಲ್ಲಿ. ಬೈಚೋಜ, ಮಲ್ಲಿತಮ್ಮ ಅನ್ನೋ ಶಿಲ್ಪಿಗಳು ತಾವು ಮಾಡಿದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಅದು ಇವತ್ತಿಗೂ ಇದೆ. ನಾನು ಬರೆದ ಹೆಸರು ಒಂದು ತಿಂಗಳು ನಿಲ್ಲಲಿಲ್ಲ.

ಸಸಿ ದುಡ್ಡು ವಾಪಸ್ ಕೊಟ್ಟೆ. ಕೂಲಿ, ಗೊಬ್ಬರ, ಎರಡೂವರೆ ತಿಂಗಳು, ಅದನ್ನೆಲ್ಲ ಹೇಗೆ ವಾಪಸ್ ಕೊಡೋದು? ಅಣ್ಣ ಜಗಳ ಆಡಲಿಲ್ಲ. ಮುಂದಿನ ಸಲ ಸಸಿಗೆ ಬೇರೆ ಕಡೆ ಹೋದ್ರು, ಅಷ್ಟೇ. ಜಗಳ ಆಡಿದ್ರೇ ವಾಸಿ ಇತ್ತು ಅನ್ನಿಸ್ತು.

ಮೆಟ್ರೋ ಕೆಳಗಿನ ಕಾರ್ಖಾನೆ

ಬೆಂಗಳೂರಿನಲ್ಲಿರೋ ನನ್ನ ಗೆಳತಿಗೆ ಇದನ್ನ ಹೇಳಿದಾಗ ಅವಳು, "ಮಾರ್ಕರ್ ಯಾಕೆ, ಕೊರೆಸಿಬಿಡು. ಹಲಸೂರು ಮೆಟ್ರೋ ಸ್ಟೇಷನ್ ಕೆಳಗೆ ಒಂದು ಮೇಕರ್‌ಸ್ಪೇಸ್ ಇದೆ, ಬಾ" ಅಂದಳು. ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಅಂತ ಅದರ ಹೆಸರು. ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹಿಡಿದು ಹೋದೆ. ತಲೆ ಮೇಲೆ ರೈಲು ಓಡ್ತಿರುತ್ತೆ, ಕೆಳಗೆ ಮರ ಕೊಯ್ಯೋ, ಅಚ್ಚು ಹಾಕೋ ಕೆಲಸ.

ಮೇಕರ್‌ಸ್ಪೇಸ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಊರಿನ ರಾಗಿ ಮಿಲ್ಲು ಇದ್ದ ಹಾಗೆ ಅಂದ್ಕೊಳ್ಳಿ. ಮಿಷನ್ ಅವರದ್ದು, ಸಾಮಾನು ನಮ್ಮದು, ಬಳಸಿದ ಹೊತ್ತಿಗೆ ದುಡ್ಡು. ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಕಲಿತು ನಾವೇ ನಡೆಸಬೇಕು. ಅಮೆರಿಕದ ಎಂಐಟಿಯಲ್ಲಿ ನೀಲ್ ಗರ್ಶನ್‌ಫೆಲ್ಡ್ ಅನ್ನೋ ಪ್ರೊಫೆಸರ್ ಇಂಥ ಮಿಷನ್‌ಗಳನ್ನ ಸಾಮಾನ್ಯ ಜನರ ಕೈಗೆ ಕೊಡಬೇಕು ಅಂತ 'ಫ್ಯಾಬ್ ಲ್ಯಾಬ್' ಶುರು ಮಾಡಿದ್ರು. ನನಗೆ ಖುಷಿ ಕೊಟ್ಟ ವಿಷಯ ಏನಂದ್ರೆ, ಭಾರತದ ಮೊದಲ ಫ್ಯಾಬ್ ಲ್ಯಾಬ್ ಬಂದಿದ್ದು ಬೆಂಗಳೂರಿಗೂ ಅಲ್ಲ, ಮುಂಬೈಗೂ ಅಲ್ಲ. ಪುಣೆ ಜಿಲ್ಲೆಯ ಪಾಬಳ್ ಅನ್ನೋ ಹಳ್ಳಿಗೆ, 2002ರಲ್ಲಿ. ಡಾ. ಕಲ್‌ಬಾಗ್ ಅವರು 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮದಲ್ಲಿ ಅದು ಇದೆ. ಹಾಗಾಗಿ ಇದೆಲ್ಲ ಪೇಟೆಯವರ ಆಟ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

ಚೀಲದಲ್ಲಿ ತಂದ ಪೈಪು

ಬುದ್ಧಿವಂತೆ ನಾನು, ಮನೆಯಿಂದಲೇ ಸಾಮಾನು ತಂದಿದ್ದೆ. ಬೋರ್‌ವೆಲ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪನ್ನ ಸೀಳಿ, ಬಿಸಿ ಮಾಡಿ, ಚಪ್ಪಟೆ ಮಾಡಿದ ಆರು ತುಂಡು. ಜೊತೆಗೆ ಯಾವುದೋ ಸಮಾರಂಭದ ಹಳೇ ಫ್ಲೆಕ್ಸ್ ಬ್ಯಾನರ್. ಎರಡೂ ಮಳೆಗೆ ಜಗ್ಗಲ್ಲ, ಬಿಸಿಲಿಗೆ ಜಗ್ಗಲ್ಲ, ಪುಕ್ಕಟೆ ಬೇರೆ. ಇದಕ್ಕಿಂತ ಒಳ್ಳೇ ಚೀಟಿ ಬೇಕಾ?

ಕಲಿಸೋ ಹುಡುಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಪೈಪಿನ ತುಂಡು ನೋಡಿದ ತಕ್ಷಣ ಅದನ್ನ ಎತ್ತಿ ಬಾಗಿಲ ಹೊರಗೆ ಇಟ್ಟು ಬಂದಳು. ನನಗೆ ಸ್ವಲ್ಪ ಸಿಟ್ಟೇ ಬಂತು. ಆಮೇಲೆ ಅವಳು ಹೇಳಿದ್ದು ಕೇಳಿ ಬೆವರಿತು.

ಪಿವಿಸಿ ಅಂದ್ರೆ ಪಾಲಿವಿನೈಲ್ ಕ್ಲೋರೈಡ್. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ಲೇಸರ್ ತಗುಲಿದಾಗ ಅದು ಸುಟ್ಟು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ. ಅದು ನೀರಿನ ಪಸೆಗೆ ಸೇರಿದ್ರೆ ಹೈಡ್ರೋಕ್ಲೋರಿಕ್ ಆಮ್ಲ. ನೀರಿನ ಪಸೆ ಎಲ್ಲಿದೆ? ನಮ್ಮ ಕಣ್ಣಲ್ಲಿ, ಮೂಗಲ್ಲಿ, ಶ್ವಾಸಕೋಶದಲ್ಲಿ. ಮಿಷನ್ನಿನ ಕಬ್ಬಿಣ, ಕನ್ನಡಿ, ಲೆನ್ಸು ಕೂಡ ಅದಕ್ಕೆ ತುಕ್ಕು ಹಿಡಿದು ಹಾಳಾಗುತ್ತೆ. ಫ್ಲೆಕ್ಸ್ ಬ್ಯಾನರ್ರೂ ಪಿವಿಸಿಯೇ. ಬೈಕಿಗೆ ಅಂಟಿಸೋ ವಿನೈಲ್ ಸ್ಟಿಕರ್ರೂ ಅದೇ, ಹೆಸರಲ್ಲೇ ಇದೆ ನೋಡಿ. ಅದಕ್ಕೇ ವಿನೈಲ್‌ಗೆ ಬೇರೆ ಮಿಷನ್, ಅದರಲ್ಲಿ ಬೆಳಕಿಲ್ಲ, ಚಾಕು.

ನಾವು ರೈತರು ಇದನ್ನ ಬೇರೆಯವರಿಗಿಂತ ಗಟ್ಟಿಯಾಗಿ ನೆನಪಿಡಬೇಕು. ಯಾಕಂದ್ರೆ ನಮ್ಮ ತೋಟದಲ್ಲಿ ಕೈಗೆ ಸಿಗೋ ಪ್ಲಾಸ್ಟಿಕ್ಕೆಲ್ಲ ತಪ್ಪು ಪ್ಲಾಸ್ಟಿಕ್ಕೇ. ಪೈಪು ಪಿವಿಸಿ. ಔಷಧಿ ಡಬ್ಬ ಸಾಮಾನ್ಯವಾಗಿ ಎಚ್‌ಡಿಪಿಇ, ಅದು ಕತ್ತರಿಸೋ ಬದಲು ಕರಗಿ ಅಂಟಾಗಿ ಬೆಂಕಿ ಹಿಡಿಯುತ್ತೆ, ಒಳಗೆ ಉಳಿದ ವಿಷದ ಮಾತು ಬೇರೆ. ಡ್ರಿಪ್ ಲ್ಯಾಟರಲ್ ಕೂಡ ಕರಗೋ ಜಾತಿಯೇ. ತಳದಲ್ಲಿರೋ ತ್ರಿಕೋನದ ಒಳಗಿನ ಸಂಖ್ಯೆ ನೋಡಿ: 3 ಇದ್ರೆ ಪಿವಿಸಿ, 2 ಇದ್ರೆ ಎಚ್‌ಡಿಪಿಇ, 1 ಇದ್ರೆ ಪಿಇಟಿ.

ಸಂಖ್ಯೆ ಇಲ್ಲದಿದ್ರೆ ಒಂದು ಹಳೇ ಪರೀಕ್ಷೆ ಇದೆ. ತಾಮ್ರದ ತಂತಿಯ ತುದಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದ್ರೆ ಕ್ಲೋರಿನ್ ಇದೆ ಅಂತ ಅರ್ಥ. ತಂತಿಯನ್ನ ಇಕ್ಕಳದಲ್ಲಿ ಹಿಡಿದು, ಬಯಲಲ್ಲಿ, ಗಾಳಿ ಬರೋ ಕಡೆ ನಿಂತು, ಉಗುರಿನಷ್ಟು ತುಂಡಲ್ಲಿ ಮಾತ್ರ ಮಾಡಿ. ಅನುಮಾನ ಇದ್ರೆ ಬಿಟ್ಟುಬಿಡಿ, ಅಂಗಡಿಯಲ್ಲಿ ಅಕ್ರಿಲಿಕ್ ಅಂತ ಕೇಳಿ ತಗೊಳ್ಳಿ.

ಕಾಣದ ಬೆಳಕು

ಮೇಕರ್‌ಸ್ಪೇಸ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಕಾರ್ಬನ್ ಡೈ ಆಕ್ಸೈಡ್ ಲೇಸರ್. ಗಾಜಿನ ಕೊಳವೆಯೊಳಗೆ ಅನಿಲ, ಅದಕ್ಕೆ ಹೈ ವೋಲ್ಟೇಜ್, ಹೊರಗೆ ಬರೋದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಮೂರು ಕನ್ನಡಿಗೆ ಬಡಿದು, ಲೆನ್ಸಿನಲ್ಲಿ ಕೂದಲಷ್ಟು ಸಣ್ಣ ಚುಕ್ಕಿಯಾಗಿ ಸಾಮಾನಿನ ಮೇಲೆ ಬೀಳುತ್ತೆ. ಕೊಳವೆ ತಣ್ಣಗಿರೋಕೆ ನೀರು ಸುತ್ತುತಿರಬೇಕು. ಈ ಲೇಸರನ್ನ 1964ರಲ್ಲಿ ಮೊದಲು ಮಾಡಿ ತೋರಿಸಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕುಮಾರ್ ಪಟೇಲ್, ಹುಟ್ಟಿದ್ದು ನಮ್ಮ ಕಬ್ಬಿನ ಬಾರಾಮತಿಯಲ್ಲಿ. ಕಾಲೇಜಲ್ಲಿ ನನಗೆ ಇದನ್ನ ಯಾರೂ ಹೇಳಿರಲಿಲ್ಲ.

ನಡೆಸೋದು ಕಷ್ಟ ಇಲ್ಲ. ಕೆಂಪು ಗೆರೆ ಅಂದ್ರೆ ಕತ್ತರಿಸು, ಕಪ್ಪು ತುಂಬಿದ ಜಾಗ ಅಂದ್ರೆ ಕೊರೆ, ಹೀಗೆ ಕಂಪ್ಯೂಟರಲ್ಲಿ ಬಣ್ಣದ ಲೆಕ್ಕದಲ್ಲಿ ಹೇಳಿಕೊಡ್ತೀವಿ (ಬಣ್ಣದ ಸಂಕೇತ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಕೇಳಿಕೊಳ್ಳಿ). ಆಮೇಲೆ ಎರಡು ಸಂಖ್ಯೆ: ಎಷ್ಟು ಶಕ್ತಿ, ಎಷ್ಟು ವೇಗ. ಶಕ್ತಿ ಜಾಸ್ತಿ ವೇಗ ಕಡಿಮೆ ಆದ್ರೆ ಕತ್ತರಿಸುತ್ತೆ, ಉಲ್ಟಾ ಆದ್ರೆ ಮೇಲೆ ಗೀಚುತ್ತೆ. ಯಾರೋ ಹೇಳಿದ ಸಂಖ್ಯೆ ಹಾಕಬೇಡಿ. ನಿಮ್ಮ ಹಾಳೆಯ ಮೂಲೆಯಲ್ಲೇ ಸಣ್ಣ ಚೌಕಗಳ ಪರೀಕ್ಷೆ ಮಾಡಿ, ಒಂದೊಂದಕ್ಕೆ ಒಂದೊಂದು ಶಕ್ತಿ, ವೇಗ. ಹೊಸ ಗೊಬ್ಬರ ತಂದಾಗ ಪೂರ್ತಿ ತೋಟಕ್ಕೆ ಹಾಕದೆ ಎರಡು ಸಾಲಿಗೆ ಹಾಕಿ ನೋಡಲ್ವಾ, ಹಾಗೆ.

ಇನ್ನೊಂದು ನಿಯಮ, ಅದರಲ್ಲಿ ರಾಜಿ ಇಲ್ಲ: ಮಿಷನ್ ಓಡ್ತಿರುವಾಗ ಬಿಟ್ಟು ಹೋಗಬಾರದು. ಹೊಗೆ ಎಳೆಯೋ ಫ್ಯಾನ್ ಹಾಕದೆ ಶುರು ಮಾಡಬಾರದು. ನನ್ನ ಎರಡನೇ ತುಂಡು ಪ್ಲೈವುಡ್‌ಗೆ ಸಣ್ಣ ಜ್ವಾಲೆ ಎದ್ದೇ ಎದ್ದಿತು. ಮುಚ್ಚಳ ತೆಗೆದ ಕೂಡಲೇ ಲೇಸರ್ ನಿಲ್ಲುತ್ತೆ, ಒದ್ದೆ ಬಟ್ಟೆ ಹಾಕಿದೆ, ಆರಿತು. ಫೋನ್ ನೋಡ್ತಾ ಕೂತಿದ್ರೆ ಬೇರೆ ಕಥೆ ಆಗ್ತಿತ್ತು.

ಕನ್ನಡ ಅಕ್ಷರದ ಕಾಟ

ಇಲ್ಲಿ ನಾನು ಕಳೆದ ಹೊತ್ತು ನೀವು ಕಳೀಬಾರದು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಹಳೇ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಫೈಲ್ ತಗೊಂಡು ಹೋದ್ರೆ ಬೇರೆ ಕಂಪ್ಯೂಟರಲ್ಲಿ ಅದು ಬರೀ ಗಿಜಿಗಿಜಿ ಚಿಹ್ನೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನಿಮ್ಮ ಫೋನಲ್ಲಿ ಬರೋದು ಯೂನಿಕೋಡೇ. ಇಂಕ್‌ಸ್ಕೇಪ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತೆ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಪುಕ್ಕಟೆ. ಟೈಪ್ ಆದ ಮೇಲೆ ಅಕ್ಷರವನ್ನ 'ಪಾತ್' ಅಂದ್ರೆ ಗೆರೆಯಾಗಿ ಬದಲಿಸಿ ಉಳಿಸಿ. ಆಗ ಅಲ್ಲಿನ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದಿದ್ರೂ ಚಿಂತೆ ಇಲ್ಲ.

ಗೆರೆಯಾಗಿ ಬದಲಿಸಿದ ಮೇಲೆ ಹತ್ತಿರದಿಂದ ನೋಡಿ. ಕೆಲವು ಫಾಂಟ್‌ಗಳಲ್ಲಿ ಅಕ್ಷರ, ಅದರ ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ತುಂಡು, ಒಂದರ ಮೇಲೊಂದು ಹತ್ತಿ ಕೂತಿರುತ್ತೆ. ಪರದೆ ಮೇಲೆ ಕಾಣಲ್ಲ. ಮಿಷನ್ ಮಾತ್ರ ಎರಡೂ ಗೆರೆಯನ್ನ ಪ್ರಾಮಾಣಿಕವಾಗಿ ಕತ್ತರಿಸಿ ಅಕ್ಷರದ ಮಧ್ಯಕ್ಕೆ ಗಾಯ ಮಾಡುತ್ತೆ. 'ಯೂನಿಯನ್' ಅನ್ನೋ ಆಜ್ಞೆ ಕೊಟ್ಟು ಎಲ್ಲ ಸೇರಿಸಿ ಒಂದೇ ಆಕಾರ ಮಾಡ್ಕೊಳ್ಳಿ.

ಗೋಣಿಚೀಲಕ್ಕೆ ಬಣ್ಣ ಹೊಡೆಯೋ ಅಚ್ಚು ಮಾಡ್ತೀರಾ? ಆಗ ಸೊನ್ನೆಗಳ ಲೆಕ್ಕ ಇಡಿ. ನಾನು 'ನುಗ್ಗೇಹಳ್ಳಿ' ಅಂತ ಕತ್ತರಿಸಿ ಹಾಳೆ ಎತ್ತಿದೆ, ಕೊನೇ ಅಕ್ಷರದ ಗುಡಿಸಿನ ಒಳಗಿನ ಬಿಲ್ಲೆ ಉದುರಿ ಹೋಯ್ತು, ಏತ್ವದ ದೀರ್ಘದ್ದೂ ಹೋಯ್ತು. ಬಣ್ಣ ಹೊಡೆದ್ರೆ ಅಲ್ಲೆಲ್ಲ ಮುದ್ದೆ. ಇಂಗ್ಲಿಷಿನಲ್ಲಿ ಇಂಥ ಮುಚ್ಚಿದ ಸೊನ್ನೆ ಕೆಲವೇ, ನಮ್ಮ ಲಿಪಿ ತುಂಬಾ ಅವೇ. ಪ್ರತಿ ಸೊನ್ನೆಗೂ ಎರಡು ಮಿಲಿಮೀಟರಿನ ಒಂದು ಸೇತುವೆ ಬಿಡಬೇಕು, ರಂಗೋಲಿ ತಗಡಿನ ಅಚ್ಚಲ್ಲಿ ಬಿಟ್ಟಿರ್ತಾರಲ್ಲ, ಹಾಗೆ. ಆ ತಗಡನ್ನ ಚಿಕ್ಕಂದಿನಿಂದ ನೋಡಿದ್ದೀನಿ, ಆ ಸೇತುವೆ ಯಾಕಿದೆ ಅಂತ ಅವತ್ತು ಗೊತ್ತಾಯ್ತು. ಅಚ್ಚಿಗೆ ಪಿಇಟಿ ಹಾಳೆ ಒಳ್ಳೇದು, ಮೈಲಾರ್ ಅಂತ ಸಿಗುತ್ತೆ. ಹತ್ತಾರು ಸಲ ತೊಳೆದು ಬಳಸಬಹುದು.

ಇನ್ನು ಗಾತ್ರ. ಪ್ಲೈವುಡ್ ಮೇಲೆ ಐದಾರು ಮಿಲಿಮೀಟರಿಗಿಂತ ಸಣ್ಣಕ್ಕೆ ಕೊರೆದ್ರೆ ಒತ್ತಕ್ಷರ ಸುಟ್ಟು ಒಂದಕ್ಕೊಂದು ಅಂಟಿಕೊಂಡು 'ಜ್ವಾಲಾ' ಅಂತಲೂ ಓದೋಕಾಗಲ್ಲ. ನಾನು ಎಂಟು ಮಿಲಿಮೀಟರ್ ಇಟ್ಟೆ, ಅಕ್ಷರಗಳ ನಡುವೆ ಜಾಗ ಸ್ವಲ್ಪ ಜಾಸ್ತಿ.

98 ಗುಳಿ, 13 ಅಂತರ

ಚೀಟಿ ಮಾಡೋಕೆ ಹೋದವಳಿಗೆ ಅಲ್ಲೇ ಇನ್ನೊಂದು ಆಸೆ ಹುಟ್ಟಿತು. ಪ್ರೋಟ್ರೇಯ ಪ್ರತಿ ಗುಳಿಯಲ್ಲಿ ಬೆರಳಲ್ಲಿ ಒತ್ತಿ ಬೀಜ ಹಾಕ್ತೀವಲ್ಲ, ಒಬ್ಬರ ಬೆರಳು ಅರ್ಧ ಸೆಂಟಿಮೀಟರ್ ಹೋಗುತ್ತೆ, ಇನ್ನೊಬ್ಬರದ್ದು ಒಂದೂವರೆ. ಮೊಳಕೆ ಹಿಂದೆ ಮುಂದೆ ಆಗೋದು ಅದಕ್ಕೇ. ಒಂದು ಪ್ಲೈವುಡ್ ಹಲಗೆಗೆ 98 ತೂತು ಕೊರೆದು, ಅದಕ್ಕೆ ಮರದ ಸಣ್ಣ ಗೂಟ ಸಿಕ್ಕಿಸಿದ್ರೆ? ಒಂದೇ ಸಲ ಒತ್ತಿದ್ರೆ 98 ಗುಳಿಯಲ್ಲೂ ಒಂದೇ ಆಳ.

98 ಅಂದ್ರೆ ಉದ್ದಕ್ಕೆ 14, ಅಗಲಕ್ಕೆ 7. ನಾನು ಮನೆಯಲ್ಲೇ ಶಾಲೆ ಮಕ್ಕಳ ಸ್ಕೇಲ್ ಇಟ್ಟು ಒಂದು ಗುಳಿಯ ಮಧ್ಯದಿಂದ ಪಕ್ಕದ್ದರ ಮಧ್ಯಕ್ಕೆ ಅಳೆದು 39 ಮಿಲಿಮೀಟರ್ ಅಂತ ಬರ್ಕೊಂಡಿದ್ದೆ. ಹಾಗೇ ಚಿತ್ರ ಬರೆದು ಕತ್ತರಿಸಿದೆ. ತಂದಿದ್ದ ಟ್ರೇ ಮೇಲೆ ಇಟ್ಟು ನೋಡ್ತೀನಿ, ಮೊದಲ ನಾಲ್ಕು ಸಾಲು ಸರಿ, ಆಮೇಲೆ ಜಾರ್ತಾ ಜಾರ್ತಾ ಕೊನೇ ಸಾಲು ಗುಳಿ ಬಿಟ್ಟು ಅಂಚಿನ ಮೇಲೆ ಕೂತಿದೆ. ನಿಜವಾದ ಅಂತರ 38 ಇತ್ತು. ತಪ್ಪು ಒಂದೇ ಮಿಲಿಮೀಟರ್. ಆದ್ರೆ 14 ಗುಳಿಗೆ 13 ಅಂತರ, ಕೊನೆಗೆ ಹೋಗೋ ಹೊತ್ತಿಗೆ ಅದು 13 ಮಿಲಿಮೀಟರ್.

ಆ ಹುಡುಗಿ ಹೇಳಿಕೊಟ್ಟ ಉಪಾಯ ಇದು: ಒಂದು ಅಂತರ ಅಳೆದು ಗುಣಿಸಬೇಡಿ. ಮೊದಲ ಗುಳಿಯ ಮಧ್ಯದಿಂದ ಕೊನೇ ಗುಳಿಯ ಮಧ್ಯಕ್ಕೆ ಅಳೆದು 13ರಿಂದ ಭಾಗಿಸಿ. ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದ್ರೂ ಅದು 13 ಪಾಲಾಗಿ ಹಂಚಿ ಹೋಗುತ್ತೆ. ತೆಂಗಿನ ಗುಂಡಿಗೆ ಗುರುತು ಹಾಕುವಾಗ ನಮ್ಮಪ್ಪ ಹಗ್ಗ ಎಳೆದು ಎರಡು ತುದಿಯಿಂದ ಲೆಕ್ಕ ಹಾಕ್ತಿದ್ದಿದ್ದು ಇದೇ. ಅದನ್ನ ನಾನು ಅಲ್ಲಿ ಮರೆತಿದ್ದೆ.

ಎರಡನೇ ಸಲ ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿದೆ. ಸರಿ ಕೂತಿತು. ಗೂಟದ ತೂತಿಗೆ ಇನ್ನೊಂದು ಸೂಕ್ಷ್ಮ ಇದೆ. ಲೇಸರ್ ತಾನು ಹೋದ ದಾರಿಯನ್ನ ಸುಟ್ಟು ತಿನ್ನುತ್ತೆ, ಸುಮಾರು 0.1ರಿಂದ 0.2 ಮಿಲಿಮೀಟರ್. 10 ಮಿಲಿಮೀಟರ್ ಗೂಟಕ್ಕೆ 10 ಅಂತಲೇ ತೂತು ಬರೆದ್ರೆ ಗೂಟ ಸಡಿಲ. 9.8 ಅಂತ ಬರೆದೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ್ರೆ ಬಿಗಿಯಾಗಿ ಕೂರ್ತು. ಈ ಹಲಗೆ ಮೂರು ವರ್ಷದಿಂದ ಕೆಲಸ ಮಾಡ್ತಿದೆ. ಒಂದು ಎಚ್ಚರಿಕೆ: ಟ್ರೇ ಕಂಪನಿ ಬದಲಾದ್ರೆ ಅಂತರವೂ ಚೂರು ಬದಲಾಗುತ್ತೆ. ಒಂದೇ ಕಡೆ ಟ್ರೇ ತಗೊಳ್ಳಿ.

ಕಳೆ ಕೀಳೋ ಮಿಷನ್

ವಿನೈಲ್ ಕಟರ್ ಲೇಸರಿಗಿಂತ ಸಾಧು. ಸ್ಟಿಕರ್ ಸುರುಳಿಯನ್ನ ರೋಲರ್ ಹಿಂದೆ ಮುಂದೆ ಎಳೆಯುತ್ತೆ, ಸಣ್ಣ ಚಾಕು ಅಡ್ಡ ಓಡಾಡುತ್ತೆ. ಮೇಲಿನ ಹಾಳೆ ಮಾತ್ರ ಕತ್ತರಿಸಬೇಕು, ಕೆಳಗಿನ ಕಾಗದ ಉಳೀಬೇಕು. ಮೇಲಿನ ಹಾಳೆ 80 ಮೈಕ್ರಾನ್ ಆಸುಪಾಸು ಇರುತ್ತೆ, ಚಾಕು ಅಷ್ಟೇ ಹೊರಗಿರಬೇಕು. ಇಲ್ಲೂ ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಮುಂದಕ್ಕೆ.

ಕತ್ತರಿಸಿದ ಮೇಲೆ ಅಕ್ಷರ ಬಿಟ್ಟು ಉಳಿದಿದ್ದನ್ನ ಚಿಮಟಿಗೆಯಲ್ಲಿ ಕಿತ್ತು ತೆಗೀಬೇಕು. ಅದಕ್ಕೆ ಅವರು ಇಡೋ ಹೆಸರು 'ವೀಡಿಂಗ್', ಅಂದ್ರೆ ಕಳೆ ಕೀಳೋದು! ನಾನು ಜೋರಾಗಿ ನಕ್ಕಾಗ ಯಾರಿಗೂ ಅರ್ಥ ಆಗಲಿಲ್ಲ. ಕಳೆ ಕೀಳೋಕೆ ಊರಲ್ಲಿ ಆಳು ಸಿಗಲ್ಲ ಅಂತ ಬೆಂಗಳೂರಿಗೆ ಬಂದ್ರೆ ಇಲ್ಲೂ ಅದೇ ಕೆಲಸ. ಸಣ್ಣ ಒತ್ತಕ್ಷರ ಇದ್ರೆ ಇದು ತಾಳ್ಮೆ ಪರೀಕ್ಷೆ. ಕಳೆ ಜೊತೆ ಬೆಳೆಯೂ ಕಿತ್ತು ಬರುತ್ತೆ. ಎರಡು ಸೆಂಟಿಮೀಟರಿಗಿಂತ ಸಣ್ಣ ಅಕ್ಷರಕ್ಕೆ ವಿನೈಲ್ ಸಹವಾಸ ಬೇಡ ಅನ್ನೋದು ನನ್ನ ಅಭಿಪ್ರಾಯ.

ನಾನು ಇದನ್ನ ಬಳಸಿದ್ದು ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ತೋಟದ ಹೆಸರಿಗೆ. ಆಗ ಕೊಬ್ಬರಿ ಎಣ್ಣೆ ಬಾಟಲಿಗೆ 'ಜೈವಿಕ್ ಭಾರತ್' ಲಾಂಛನವನ್ನೂ ಕತ್ತರಿಸಿಬಿಡೋಣ ಅಂತ ಕೈ ತುರಿಸಿತು. ಫೈಲ್ ಇಂಟರ್‌ನೆಟ್ಟಲ್ಲೇ ಸಿಗುತ್ತೆ, ಮಿಷನ್ ಬೇಡ ಅನ್ನಲ್ಲ. ಆದ್ರೆ ಪ್ರಮಾಣಪತ್ರ ಇಲ್ಲದೆ ಆ ಲಾಂಛನ ಹಾಕೋಹಾಗಿಲ್ಲ, ಅದು ಆಹಾರ ಸುರಕ್ಷತೆಯ ನಿಯಮ. ಆಗ ನಮ್ಮ ತೋಟ ಪಿಜಿಎಸ್‌ನಲ್ಲಿ ಪರಿವರ್ತನೆಯ ಹಂತದಲ್ಲಿತ್ತು, 'ಪಿಜಿಎಸ್ ಗ್ರೀನ್' ಅಂತಾರೆ. ಒಂದು ಸಲ ತಪ್ಪು ಹೆಸರು ಹಾಕಿ ಆಗಿತ್ತಲ್ಲ, ಬಿಟ್ಟೆ.

ತೋಟದಲ್ಲಿ ಉಳಿದಿದ್ದು, ಹೋಗಿದ್ದು

ಮೂರು ಸಾಮಾನಲ್ಲಿ ಚೀಟಿ ಮಾಡಿಕೊಂಡು ಬಂದಿದ್ದೆ. ಪ್ಲೈವುಡ್ ಚೀಟಿ ನೋಡೋಕೆ ಬಲು ಚೆಂದ, ಆದ್ರೆ ಒಂದು ಮಳೆಗಾಲಕ್ಕೆ ಪದರ ಬಿಟ್ಟು, ನೆಲದಲ್ಲಿದ್ದ ಭಾಗ ಗೆದ್ದಲಿಗೆ ಆಯ್ತು. ಸುಟ್ಟ ಕಪ್ಪು ಅಕ್ಷರವೂ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತು.

ಅಕ್ರಿಲಿಕ್ ನಿಂತಿದೆ. 3 ಮಿಲಿಮೀಟರಿನದ್ದು, 60 ಸೆಂಟಿಮೀಟರ್ ಚೌಕದ ಒಂದು ಹಾಳೆಯಲ್ಲಿ 11 ಸೆಂಟಿಮೀಟರ್ ಉದ್ದ 2 ಸೆಂಟಿಮೀಟರ್ ಅಗಲದ 130 ಚೀಟಿ ಬಂತು. ಅಂಗಡಿಯಲ್ಲಿ 'ಕಾಸ್ಟ್' ಅಕ್ರಿಲಿಕ್ ಅಂತಲೇ ಕೇಳಿ. ಅದರಲ್ಲಿ ಕೊರೆದ ಅಕ್ಷರ ಬೆಳ್ಳಗೆ ಮಂಜು ಹಿಡಿದ ಹಾಗೆ ಕಾಣುತ್ತೆ. 'ಎಕ್ಸ್‌ಟ್ರೂಡೆಡ್' ಅನ್ನೋದು ಅಗ್ಗ, ಆದ್ರೆ ಅದರಲ್ಲಿ ಅಕ್ಷರ ಮಸುಕು. ನಾನು ಕೊರೆದ ಜಾಗಕ್ಕೆ ಕಪ್ಪು ಬಣ್ಣ ಉಜ್ಜಿ ಒರೆಸಿದೆ. ಕಾಲು ತುಳಿದ್ರೆ ಮುರಿಯುತ್ತೆ, ಅದೊಂದೇ ದೂರು.

ಮೂರನೆಯದು ತೆಂಗಿನ ಚಿಪ್ಪು. ಇದು ಖುಷಿಗೆ ಮಾಡಿದ್ದು. ಚಿಪ್ಪು ಬಾಗಿರೋದ್ರಿಂದ ಲೇಸರಿನ ಫೋಕಸ್ ಅಂಚಿಗೆ ಹೋಗ್ತಾ ತಪ್ಪುತ್ತೆ. ಆದಷ್ಟು ಚಪ್ಪಟೆ ಇರೋ ತುಂಡು ಆರಿಸಿ, ನಡುವಲ್ಲಿ ಮಾತ್ರ ಕೊರೀಬೇಕು. ತಂತಿಯಲ್ಲಿ ಕಟ್ಟಿ ಹಣ್ಣಿನ ಗಿಡಗಳಿಗೆ ನೇತು ಹಾಕಿದ್ದೀನಿ, ಮೂರು ವರ್ಷವಾಗಿದೆ, ಗಟ್ಟಿಯಾಗಿವೆ. ಕೊರೆಯುವಾಗ ಮಿಷನ್ ಪೂರ್ತಿ ಕೊಬ್ಬರಿ ಸುಟ್ಟ ವಾಸನೆ, ತಿಪಟೂರಿನ ಮಾರುಕಟ್ಟೆ ಕಡೆಯವರಿಗೆ ಹಸಿವಾಗುತ್ತೆ.

ಒಂದು ನಿಜ ಹೇಳಲೇಬೇಕು. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು, ಅದೇ ಪ್ಲಾಸ್ಟಿಕ್ ಪಟ್ಟಿ ಮೇಲೆ ಮಾರ್ಕರ್ ಬದಲು ಮಾಮೂಲಿ ಸೀಸದ ಪೆನ್ಸಿಲಲ್ಲಿ ಬರೆದಿದ್ರೆ ಅಕ್ಷರ ತುಂಬಾ ದಿನ ಉಳೀತಿತ್ತು. ಪೆನ್ಸಿಲಿನ ಗ್ರಾಫೈಟ್ ಬಿಸಿಲಿಗೆ ಮಾಸಲ್ಲ, ಮಾರ್ಕರಿನ ಬಣ್ಣ ಮಾಸುತ್ತೆ. ನಿಮ್ಮದು ಎರಡು ಮೂರು ತಳಿ ಅಂದ್ರೆ ಪೆನ್ಸಿಲ್ ಸಾಕು, ಬಸ್ ಚಾರ್ಜು ಉಳಿಸಿ. ಹತ್ತಕ್ಕಿಂತ ಹೆಚ್ಚು ತಳಿ, ಪ್ರತಿ ಹಂಗಾಮಿಗೂ ಅವೇ ಹೆಸರು ಅಂದ್ರೆ ಕೊರೆಸಿದ ಚೀಟಿಗೆ ಬೆಲೆ ಇದೆ. ನಾನು ಹೆಸರು ಕೊರೆಸಿದ್ದೀನಿ, ಬಿತ್ತಿದ ತಾರೀಖನ್ನ ಹಿಂದೆ ಪೆನ್ಸಿಲ್‌ನಲ್ಲೇ ಬರೀತೀನಿ. ಅದಕ್ಕೆ ಹಿಂಬದಿಯನ್ನ ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಒರಟು ಮಾಡ್ಕೊಳ್ಳಿ.

ರೀಲ್ಸ್ ನೋಡಿ ಮಿಷನ್ ತರಿಸಬೇಡಿ

ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಫೋನಲ್ಲಿ ಜಾಹೀರಾತು ಬಂದಿರುತ್ತೆ, ಮೇಜಿನ ಮೇಲೆ ಇಡೋ ಪುಟ್ಟ ಲೇಸರ್. ಅವು ಹೆಚ್ಚಾಗಿ ಡಯೋಡ್ ಲೇಸರ್, ನೀಲಿ ಬೆಳಕು. ಬಹಳಷ್ಟಕ್ಕೆ ಮುಚ್ಚಳವೇ ಇರಲ್ಲ. ದೊಡ್ಡ ಮಿಷನ್ನಿನ ಪಾರದರ್ಶಕ ಮುಚ್ಚಳ ಅದರ ಅವಗೆಂಪು ಬೆಳಕನ್ನ ತಡೆಯುತ್ತೆ. ಈ ನೀಲಿ ಬೆಳಕು ಮಾಮೂಲಿ ಪಾರದರ್ಶಕ ಹಾಳೆಯನ್ನ ದಾಟಿ ಬರುತ್ತೆ, ಕಣ್ಣಿನ ಒಳಪರದೆ ತನಕ. ಒಂದು ಸಲ ಪ್ರತಿಫಲಿಸಿ ಕಣ್ಣಿಗೆ ಬಿದ್ರೂ ಸಾಕು. ಮನೆಯಲ್ಲಿ ಮಕ್ಕಳು ಓಡಾಡೋ ಪಡಸಾಲೆಯಲ್ಲಿ ಅದನ್ನಿಟ್ಟು ಓಡಿಸೋ ವಿಡಿಯೋ ನೋಡಿದಾಗ ನನಗೆ ಎದೆ ಝಲ್ಲೆನ್ನುತ್ತೆ. ಅದರಲ್ಲಿ ಬಣ್ಣವಿಲ್ಲದ ಅಕ್ರಿಲಿಕ್ ಕತ್ತರಿಸೋಕೂ ಆಗಲ್ಲ, ಬೆಳಕು ಸುಮ್ಮನೆ ದಾಟಿ ಹೋಗುತ್ತೆ.

ದೊಡ್ಡ ಮಿಷನ್ ಊರಲ್ಲಿಡೋದೂ ಲೆಕ್ಕಕ್ಕೆ ಬರಲ್ಲ. ನೀರಿನ ತಂಪು ನಿಂತ್ರೆ ಕೊಳವೆ ಒಡೆಯುತ್ತೆ, ನಮ್ಮ ಕರೆಂಟಿನ ವಿಷಯ ನಿಮಗೇ ಗೊತ್ತು. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ?

ಬೇರೆ ದಾರಿ ಇದೆ. ಬೈಕ್ ನಂಬರ್ ಪ್ಲೇಟಿಗೆ ಸ್ಟಿಕರ್ ಕತ್ತರಿಸೋ ಅಂಗಡಿ ನಿಮ್ಮ ತಾಲ್ಲೂಕು ಪೇಟೆಯಲ್ಲಿ ಇದ್ದೇ ಇರುತ್ತೆ, ಅವರ ಹತ್ತಿರ ಇರೋದು ಇದೇ ವಿನೈಲ್ ಕಟರ್. ಶೀಲ್ಡು, ನಾಮಫಲಕ ಮಾಡೋರ ಹತ್ತಿರ ಲೇಸರ್ ಇರುತ್ತೆ, ಜಿಲ್ಲಾ ಕೇಂದ್ರದಲ್ಲಿ ಕೇಳಿದ್ರೆ ಸಿಗ್ತಾರೆ. ಫೈಲ್ ನೀವೇ ಮಾಡಿ, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಆಗಿ ಉಳಿಸಿ, ವಾಟ್ಸಾಪಲ್ಲಿ ಚಿತ್ರವಾಗಿ ಅಲ್ಲ, 'ಡಾಕ್ಯುಮೆಂಟ್' ಆಗಿ ಕಳಿಸಿ. ಚಿತ್ರವಾಗಿ ಹೋದ್ರೆ ಗೆರೆಯೆಲ್ಲ ಚುಕ್ಕಿಯಾಗುತ್ತೆ. ಒಂದು ಅಳತೆಯನ್ನ ಬಾಯಲ್ಲೂ ಹೇಳಿ, "ಚೀಟಿ ಉದ್ದ 11 ಸೆಂಟಿಮೀಟರ್ ಇದೆಯಾ ನೋಡಿ" ಅಂತ. ಫೈಲ್ ತೆರೆದಾಗ ಗಾತ್ರ ಬದಲಾಗಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಆದ್ರೂ ಒಂದು ಸಲ ಮೇಕರ್‌ಸ್ಪೇಸಿಗೆ ಹೋಗಿ ನಿಮ್ಮ ಕೈಯಲ್ಲೇ ನಡೆಸಿ ಬನ್ನಿ ಅಂತೀನಿ. ಶುಲ್ಕ, ತರಬೇತಿ ದಿನ ಬದಲಾಗ್ತಾ ಇರುತ್ತೆ, ಹೊರಡೋ ಮುಂಚೆ ಫೋನ್ ಮಾಡಿ. ಅಂಗಡಿಯವನಿಗೆ ಏನು ಕೇಳಬೇಕು ಅನ್ನೋದು ಹಾಗೆ ಹೋಗಿ ಬಂದವರಿಗೇ ಗೊತ್ತಾಗೋದು.

ಹೋದ ತಿಂಗಳು ಪಕ್ಕದ ತೋಟದ ಅಣ್ಣ ನೆರಳು ಪರದೆ ಹತ್ತಿರ ಬಂದು ನಿಂತ್ರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಂದು ಟ್ರೇಯಿಂದ ಚೀಟಿ ಕಿತ್ತು, 'ಜ್ವಾಲಾ' ಅನ್ನೋ ಅಕ್ಷರದ ಮೇಲೆ ಉಗುರಲ್ಲಿ ಎರಡು ಸಲ ಗೀರಿ ನೋಡಿದ್ರು. ಹಿಂದೆ ತಿರುಗಿಸಿ ತಾರೀಖು ನೋಡಿದ್ರು.

"ನಾಲ್ಕು ಟ್ರೇ ಕೊಡು," ಅಂದ್ರು. "ಚೀಟಿನೂ ಸೇರಿಸಿ ಕೊಡು. ಕೊಯ್ಲು ಆದ್ಮೇಲೆ ವಾಪಸ್ ತಂದುಕೊಡ್ತೀನಿ."